ಮೀನು ಕಾಯುವ ಇಂಜಿನಿಯರ್

“ಏ ಇಂಜಿನೇರಮ್ಮಾ, ಮತ್ತ ಮೀನ ಸತ್ತಾವಲ್ಲಬೇ! ಎದಕ್ಕ ಕೊಡಬೇಕ ನಿನಗ ಪಗಾರ? ನಿನ್ನ ಡಿಗ್ರಿಗೆ ಬೆಂಕಿ ಹಚ್ಚಲಿ!”

ಧಣಿ ಹೊಂಡದ ದಂಡೆಯಲ್ಲಿ ಮೂಗು ಹಿಡಿದು ನಿಂತು ಬೈಯುತ್ತಿದ್ದ. ಮೂಗು ಹಿಡಿದಿದ್ದರಿಂದ ಬೈಗಳೆಲ್ಲ ಪೀಪಿ ಊದಿದಂತೆ ಬರುತ್ತಿದ್ದವು. ನಾನು ನಗು ತಡೆದುಕೊಂಡು ಸತ್ತ ಮೀನುಗಳನ್ನು ಬುಟ್ಟಿಗೆ ತುಂಬುತ್ತಿದ್ದೆ.

ನಾನು ಮೇಘಾ. ಕೆಮಿಕಲ್ ಇಂಜಿನಿಯರಿಂಗ್, ಫಸ್ಟ್ ಕ್ಲಾಸ್. ಕಾರಟಗಿಯ ಈ ಅಕ್ಕಿ ಮಿಲ್ಲಿನಲ್ಲಿ ಟ್ರೇನಿ ಎಂದು ಸೇರಿ ಮೂರು ವರ್ಷವಾಯಿತು, ಟ್ರೇನಿಂಗ್ ಇನ್ನೂ ಮುಗಿದಿಲ್ಲ. ಭತ್ತ ಕುದಿಸಿದ ಕೊಳಕು ನೀರನ್ನು ಶುದ್ಧ ಮಾಡುವುದು ನನ್ನ ಕೆಲಸ. ಅದಕ್ಕೆ ಗಾಳಿ ಊದುವ ಮೋಟಾರು ಓಡಬೇಕು. ಕರೆಂಟ್ ಬಿಲ್ ಬರುತ್ತದೆಂದು ಧಣಿ ಓಡಿಸುವುದಿಲ್ಲ. ಬದಲಿಗೆ ಮಾಲಿನ್ಯ ತಪಾಸಣೆಯ ಸಾಹೇಬರು ಬಂದಾಗ ಹೊಂಡದಲ್ಲಿ ಮೀನು ಆಡುತ್ತಿರಬೇಕು. ಮೀನು ಬದುಕಿದ್ದರೆ ನೀರು ಶುದ್ಧ. ಹೀಗಾಗಿ ನಾನು ಕಾಲುವೆಯಿಂದ ಮೀನು ತರುವ, ಸತ್ತದ್ದನ್ನು ಹೂಳುವ ಇಂಜಿನಿಯರ್.

ಚೀಲ ಹೊರುವ ಮಕ್ಬುಲಸಾಬನಿಗೆ ನನಗಿಂತ ಜಾಸ್ತಿ ಸಿಗುತ್ತದೆ. ಚಹಾದ ದುಡ್ಡು ಯಾವಾಗಲೂ ಅವನದೇ. “ಇರ್ಲಿ ಬಿಡ್ರಿ ಮೇಡಂ, ಓದಿದೋರನ್ನ ನಾವ ನೋಡ್ಕೋಬೇಕಲ್ರಿ.”

ಅದೇ ಮಿಲ್ಲಿನಲ್ಲಿ ಬಾಯ್ಲರಿನ ಬೂದಿ ಬಳಿದು ಹಾಕುವ ನನ್ನವ್ವ ಪಕ್ಕೀರವ್ವ ಇನ್ನೂ ಖಾರ. “ನಾಕ ವರ್ಷ ಓದಿ ಮೀನ ಕಾಯಾಕ ಬಂದಿ. ಆ ಕೆಲಸ ಕೊಕ್ಕರಿ ಪುಗಸಟ್ಟೆ ಮಾಡತೈತಿ.”

“ಮೋಟಾರ ಚಾಲೂ ಮಾಡಿದ್ರ ಸಾಕ್ರಿ ಧಣಿ, ಮೀನ ಬದುಕತಾವ,” ಸತ್ತ ಮೀನಿನ ಬುಟ್ಟಿ ಕೆಳಗಿಟ್ಟು ಎಂದೆ.

“ಬಿಲ್ ನಿಮ್ಮಪ್ಪ ಕಟ್ಟತಾನೇನ? ನಾಳಿ ಸಾಹೇಬ್ರು ಬರತಾರ. ಮೀನ ಆಡಿದ್ವು ಅಂದ್ರ ನೀ ಪರ್ಮನೆಂಟು, ಪಗಾರ ಡಬಲ್. ಇಲ್ಲಾಂದ್ರ ತಾಯಿ-ಮಗಳು ಇಬ್ರೂ ಗೇಟಿನ ಹೊರಗ.”

ಮರುದಿನ ಸಾಹೇಬರ ಜೀಪಿನ ಹಾರ್ನ್ ಕೇಳಿದ ಮೇಲೆಯೇ, ಕಾಲುವೆಯಿಂದ ತಂದಿಟ್ಟಿದ್ದ ಮೀನುಗಳನ್ನು ಹೊಂಡಕ್ಕೆ ಸುರಿದೆ. ಅವು ಹೊರಗೆ ಹಾರಲು ಒದ್ದಾಡತೊಡಗಿದವು.

“ಭಾಳ ಚುರುಕ ಅದಾವಲ್ರಿ!” ಎಂದರು ಸಾಹೇಬರು.

“ಗಂಗಿ ರೀ ಸಾಹೇಬ್ರ! ಸಾಕ್ಷಾತ್ ಗಂಗಿ!” ಧಣಿ ಹಲ್ಲು ಕಿರಿದ.

ಸಾಹೇಬರು ದೈವಭಕ್ತರೆಂದು ಧಣಿ ಹೊಂಡಕ್ಕೆ ಗಂಗಿ ಪೂಜೆ ಇಟ್ಟಿದ್ದ. ಆದರೆ ಪೂಜೆಯ ಅಯ್ಯನವರು ವಾಸನೆ ಹಿಡಿದು ಗೇಟಿನಿಂದಲೇ ವಾಪಸು ಹೋಗಿದ್ದರು.

“ಯಾರರ ಹೆಣ್ಮಕ್ಳು ಬಂದ ಪೂಜಿ ಮಾಡ್ರಬೇ, ಲಗೂನ!” ಧಣಿ ಒದರಿದ.

ಬೂದಿ ಮೈಯಲ್ಲೇ ಅವ್ವ ಬಂದಳು. ನೀರಿಗೆ ಭಂಡಾರ, ಕುಂಕುಮ ಹಾಕಿದಳು. ಊದುಬತ್ತಿ ಬೆಳಗಿದಳು. “ಉಧೋ ಹುಲಿಗೆಮ್ಮ” ಎಂದು ಪೂಜೆಯ ಚೊಂಬು ದಂಡೆಯಲ್ಲಿಟ್ಟು, ಬೊಗಸೆಯಲ್ಲಿ ಹೊಂಡದ ನೀರು ಹಿಡಿದು ಧಣಿಯ ಮುಂದೆ ನಿಂತಳು.

“ತೀರ್ಥ ತಗೋರಿ ಧಣಿ.”

ಈ ಮಿಲ್ಲಿನಲ್ಲಿ ಕುಡಿಯುವ ನೀರಿನ ಕೊಡವನ್ನು ಅವ್ವ ಮುಟ್ಟುವಂತಿಲ್ಲ. ಅವಳು ಬೊಗಸೆ ಹಿಡಿಯಬೇಕು, ಯಾರಾದರೂ ಮೇಲಿನಿಂದ ಸುರಿಯಬೇಕು. ಧಣಿ ಆ ಬೊಗಸೆ ನೋಡಿದ, ನೀರು ನೋಡಿದ. ಎರಡರಲ್ಲಿ ಯಾವುದಕ್ಕೆ ಹೆಚ್ಚು ಹೇಸಿದನೋ ಗೊತ್ತಾಗಲಿಲ್ಲ.

“ಮೊದ್ಲ ಸಾಹೇಬ್ರಿಗೆ...”

“ಛೆ ಛೆ, ಮಾಲಕರಿಗೆ ಮೊದ್ಲು!” ಸಾಹೇಬರು ಕೈ ಮುಗಿದು ಹಿಂದೆ ಸರಿದರು. “ತೀರ್ಥ ಒಲ್ಲೆ ಅನ್ನಬಾರದ್ರಿ.”

ಧಣಿ ನನ್ನ ಕಿವಿಯ ಹತ್ತಿರ ಬಂದು ಹಲ್ಲು ಕಡಿದ. “ನಿಮ್ಮವ್ವನ್ನ ಆಕಡಿ ಎಳಕೊಂಡ ಹೋಗಬೇ, ಹಲ್ಕಟ್ಟ. ಈಗಿಂದೀಗ ನೀ ಪರ್ಮನೆಂಟು. ಡಬಲ್ ಅಲ್ಲ, ಮೂರ ಪಟ್ಟು!”

ಮೂರು ಪಟ್ಟು! ಮಕ್ಬುಲಸಾಬನಿಗೆ ನಾನೇ ಚಹಾ ಕುಡಿಸಬಹುದಿತ್ತು. ಅವ್ವನನ್ನು ನೋಡಿದೆ. ಅವಳ ಬೆರಳ ಸಂದಿನಿಂದ ನೀರು ಸೋರಿ ಸೋರಿ ಬೊಗಸೆ ಖಾಲಿಯಾಗಿತ್ತು. ಧಣಿ ಉಸಿರು ಬಿಟ್ಟ.

ನಾನು ಚೊಂಬು ತೆಗೆದುಕೊಂಡು ಹೊಂಡದಲ್ಲಿ ಅದ್ದಿ ತುಂಬ ತುಂಬಿಸಿದೆ.

“ಬೊಗಸಿ ಹಿಡೀರಿ ಧಣಿ,” ಎಂದೆ. “ಮ್ಯಾಲಿಂದ ಸುರೀತೀನಿ.”

ಚೀಲಗಳ ಹಿಂದಿನಿಂದ ಮಕ್ಬುಲಸಾಬ “ಉಧೋ!” ಎಂದ.

ಚೊಂಬಿನ ಬಾಯಲ್ಲಿ ಮೀನೊಂದು ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಧಣಿಯ ಎರಡೂ ಕೈ ಮೂಗಿನ ಮೇಲಿದ್ದವು.