ಹಳ್ಳ ದಾಟಿಸಿದ ಗಾಡಾ

ರೊಟ್ಟಿಯ ತಟ್ಟೆ ಕಸ್ತೂರಿಬಾಯಿಯ ಮುಂದೆ ಬಂದು ನಿಂತಿತು, ಮತ್ತೆ ಮುಂದೆ ಹೋಯಿತು. ಅವಳು ಚಾಚಿದ ಬೊಗಸೆ ಚಾಚಿದಂತೆಯೇ ಇತ್ತು.

ಬೋಧಕ ಹಾವಗೆಪ್ಪ ಹಿಂತಿರುಗಿ ನೋಡದೆ ಉಳಿದವರಿಗೆ ಒಂದೊಂದು ಚೂರು ಕೊಡುತ್ತ ಹೋದ. ಠಾಣಾ ಕುಶನೂರಿನ ಕೇರಿಯ ಪ್ರಾರ್ಥನೆಯ ಮನೆ ಎಂದರೆ ಮಣ್ಣಿನ ಗೋಡೆ, ಮೇಲೆ ಹುಲ್ಲು, ಅಷ್ಟೆ. ಅಲ್ಲಿ ಯಾರಾದರೂ ಕೆಮ್ಮಿದರೂ ಎಲ್ಲರ ಕತ್ತು ಅತ್ತ ತಿರುಗುತ್ತದೆ. ಹೀಗಿರುವಾಗ ಒಬ್ಬ ವಿಧವೆಯ ಕೈ ಖಾಲಿ ಉಳಿದದ್ದು ಕಾಣದೆ ಇರುತ್ತದೆಯೇ? ಕರ್ತನ ಭೋಜನ ಕೊಡಲು ಬೀದರದಿಂದ ಬಂದ ಪಾದ್ರಿಗಳು ಒಣದ್ರಾಕ್ಷಿಯ ರಸದ ಬಟ್ಟಲು ಹಿಡಿದು ಹಿಂದೆಯೇ ಬರುತ್ತಿದ್ದರು. ಕೇರಿಯ ಒಳಗುಟ್ಟು ಅವರಿಗಿಂತ ಬೋಧಕನಿಗೆ ಹೆಚ್ಚು ಗೊತ್ತು. ಏನೋ ಕಾರಣ ಇದ್ದೀತು ಎಂದುಕೊಂಡು ಅವರೂ ಅವಳನ್ನು ದಾಟಿದರು.

ಜನರಿಗೆ ಕಾರಣ ಹುಡುಕುವ ತೊಂದರೆಯೂ ಇರಲಿಲ್ಲ. ಊರಿಗೆ ಪಟಕಿ ಬಂದು ಜನ ವಾಂತಿಭೇದಿಯಾಗಿ ಸಾಯತೊಡಗಿದರೆ, ಮರಗಮ್ಮನನ್ನು ಕಟ್ಟಿಗೆಯದೊಂದು ಸಣ್ಣ ಗಾಡಾದಲ್ಲಿ ಕೂರಿಸಿ, ಬೇವು, ಹಸಿರು ಬಳೆ ಇಟ್ಟು, ಹಲಗೆ ಬಡಿಯುತ್ತ ಎಳೆದೊಯ್ದು ಪಕ್ಕದೂರಿನ ಗಡಿಯೊಳಗೆ ಬಿಟ್ಟು ಬರುವುದು ಆ ಸೀಮೆಯ ಪದ್ಧತಿ. ದೇವಿಯ ಜೊತೆ ಬೇನೆಯೂ ಅತ್ತ ಹೋಗುತ್ತದೆ ಎಂಬ ನಂಬಿಕೆ. ಅತ್ತಲಿನವರು ಅದನ್ನು ಇನ್ನೂ ಅತ್ತ ಎಳೆಯುತ್ತಾರೆ. ಗಾಡಾ ಮುಟ್ಟಿದ ಕ್ರೈಸ್ತರಿಗೆ ಕರ್ತನ ಭೋಜನವಿಲ್ಲ, ಅವರ ಮನೆಗೆ ಬೆಂಕಿ ನೀರು ಯಾರೂ ಕೊಡಬಾರದು ಎಂದು ಕಟ್ಟಳೆ ಮಾಡಿದವನು ಹಾವಗೆಪ್ಪನೇ. ಈ ಸಲ ಗಾಡಾ ಹಳ್ಳ ದಾಟಿ ಕಸ್ತೂರಿಬಾಯಿಯ ಊರಾದ ವಾಡಿಯ ನೆಲಕ್ಕೆ ಬಂದಿತ್ತು. ಆ ವಾರದೊಳಗೇ ಅಲ್ಲಿ ಅವಳ ಒಬ್ಬನೇ ಮಗ ತುಳಜಪ್ಪ ಸತ್ತಿದ್ದ. ಮಗನನ್ನು ಉಳಿಸಿಕೊಳ್ಳಲು ಮುದುಕಿ ಗಾಡಾಕ್ಕೆ ಕೈ ಹಚ್ಚಿ ಮುಂದೆ ನೂಕಿರಬೇಕು ಎಂದು ಹೆಂಗಸರು ಆಗಲೇ ಪಿಸುಗುಟ್ಟತೊಡಗಿದ್ದರು.

ಹಾವಗೆಪ್ಪನಿಗೆ ಪಿಸುಮಾತು ಕೇಳಿಸಿತು. ಹಾಡು ಶುರುವಾಯಿತು. ತಾನೇ ಎತ್ತಿಕೊಡಬೇಕಾದ ಹಾಡು ಅದು. ಬೇರೆ ಯಾರೋ ಎತ್ತಿಕೊಂಡಿದ್ದರು. ಅವಳಿಗೆ ಕೊಡಬಾರದು ಎಂದು ಅವನು ದಾಟಿರಲಿಲ್ಲ, ಮಾರಾಯ. ಆ ಬೊಗಸೆಯೊಳಗೆ ತನ್ನ ಕೈಯಿಂದ ಏನನ್ನಾದರೂ ಹಾಕುವ ಧೈರ್ಯ ಅವನಿಗೆ ಬರಲಿಲ್ಲ, ಅಷ್ಟೆ.

ಯಾಕೆಂದರೆ ಗಾಡಾ ಹಳ್ಳ ದಾಟಿಸಿದವನು ಅವನೇ.

ಔರಾದಿನಿಂದ ಬಂದ ಸರಕಾರಿ ಮನುಷ್ಯ ಬಾವಿಗೆ ಕೆಂಪು ಪುಡಿ ಸುರಿದು, ಕುದಿಸಿ ಕುಡಿಯಿರಿ ಎಂದು ಹೇಳಿ ಹೋಗಿದ್ದ. ಎಳೆಯುವವರಲ್ಲೇ ಇಬ್ಬರು ವಾಂತಿ ಮಾಡಿ ಬಿದ್ದದ್ದರಿಂದ ಗಾಡಾ ಹಳ್ಳದ ಈಚೆಯೇ ನಿಂತುಬಿಟ್ಟಿತ್ತು. ಅದನ್ನು ಒಡೆದು ಹಾಕಿ ಜನರ ಅಂಜಿಕೆ ಬಿಡಿಸುತ್ತೇನೆ ಎಂದು ಹಾವಗೆಪ್ಪ ನಸುಕಿನಲ್ಲಿ ಕೊಡಲಿ ಹಿಡಿದು ಹೋದ. ಮನೆಯಲ್ಲಿ ಮಗಳು ವಿಮಲಾ ಹೊಟ್ಟೆಯಲ್ಲಿ ನೀರು ಸಹ ನಿಲ್ಲದೆ ಬಾಡಿ ಮಲಗಿದ್ದಳು. ಗಾಡಾದ ಮುಂದೆ ನಿಂತ. ಕೊಡಲಿ ಎತ್ತಲಾಗಲಿಲ್ಲ. ಅತ್ತಿತ್ತ ನೋಡಿ, ಕೊಡಲಿ ಕೆಳಗಿಟ್ಟು, ಗಾಡಾಕ್ಕೆ ಹೆಗಲು ಕೊಟ್ಟ. ಮೊಣಕಾಲುದ್ದ ನೀರಿನಲ್ಲಿ ನೂಕಿಕೊಂಡು ಹೋಗಿ ವಾಡಿಯ ದಂಡೆ ಹತ್ತಿಸಿ ಓಡಿಬಂದ. ವಿಮಲಾ ಬದುಕಿದಳು. ಕರ್ತನು ಉಳಿಸಿದನು ಎಂದು ಅವನು ಮುಂದಿನ ಭಾನುವಾರ ಸಾಕ್ಷಿ ಹೇಳಿದ. ಕಸ್ತೂರಿಬಾಯಿ ಎಲ್ಲರಿಗಿಂತ ಜೋರಾಗಿ ಆಮೆನ್ ಅಂದಿದ್ದಳು. ಆಗ ತುಳಜಪ್ಪ ಇನ್ನೂ ಗಟ್ಟಿಮುಟ್ಟಾಗಿದ್ದ.

ಹಾಡು ಮುಗಿಯುವ ಮುಂಚೆಯೇ ಕಸ್ತೂರಿಬಾಯಿ ಎದ್ದು ಹೊರಗೆ ಹೋದಳು. ಹೆಂಡತಿ ಸುಂದರಬಾಯಿ ಹೆಂಗಸರ ಸಾಲಿನಿಂದ ಹಾವಗೆಪ್ಪನನ್ನೇ ನೋಡುತ್ತಿದ್ದಳು. "ಕೈ ತೊಳಕೊಂಡ ಬರ್ತೇನಿ" ಎಂದು ಯಾರೂ ಕೇಳದಿದ್ದರೂ ಸುಳ್ಳು ಹೇಳಿ ಅವನು ತಟ್ಟೆಯನ್ನು ಮೇಜಿನ ಮೇಲಿಟ್ಟು ಹೊರಬಿದ್ದ.

ಅವಳು ಗೋಡೆಯ ನೆರಳಿನಲ್ಲಿ ನಿಂತಿದ್ದಳು. ಕಣ್ಣಲ್ಲಿ ಸಿಟ್ಟು ಇರಲಿಲ್ಲ, ಅಂಜಿಕೆ ಇತ್ತು.

"ಮಾಸ್ತರ, ಕರ್ತ ನಿಮಗ ಹೇಳ್ಯಾನಲ್ಲರಿ?"

"ಏನ?"

"ನಾ ಮರಗಮ್ಮನ ಕರದಿದ್ದು. ತುಳಜಪ್ಪನ ಕಣ್ಣ ಮ್ಯಾಲಕ ಹೊಂಟಿದ್ವು. ಯೇಸಪ್ಪಾ ಯೇಸಪ್ಪಾ ಅಂತ ಕರದ ಕರದ ಸಾಕಾಯ್ತು. ಮನಸಿನ್ಯಾಗ ಒಂದ ಸಲ ಅಕಿನ್ನೂ ಕರದೆ. ಬಾಯಿ ಬಿಟ್ಟ ಅಂದಿಲ್ಲರಿ. ಆದ್ರ ಕರ್ತಗ ಕೇಳಸ್ತು, ರೊಟ್ಟಿ ಕೊಡದಂಗ ನಿಮ್ಮ ಕೈ ಹಿಡದ. ಬರೋಬ್ಬರಿನೇ ಆಯ್ತು ಬಿಡ್ರಿ."

ನೋಡಿ, ಎಷ್ಟು ಸಲೀಸು. ತಪ್ಪನ್ನು ಅವಳೇ ಒಪ್ಪಿಕೊಂಡಾಗಿತ್ತು. ಇವನು ಬಾಯಿ ಮುಚ್ಚಿಕೊಂಡಿದ್ದರೆ ನೌಕರಿ ಉಳಿಯುತ್ತಿತ್ತು, ಮಿಷನ್ನಿನವರು ಕೊಟ್ಟ ಮನೆ ಉಳಿಯುತ್ತಿತ್ತು, ಬೋಧಕ ಎಂಬ ಹೆಸರು ಉಳಿಯುತ್ತಿತ್ತು. ಎಷ್ಟೋ ವರ್ಷದಿಂದ ಅವನು ಎಲ್ಲರೂ ಪಾಪಿಗಳೇ ಎಂದು ಸಾಲುಸಾಲಿಗೆ ಬೆರಳು ಮಾಡಿ ಸಾರುತ್ತ ಬಂದಿದ್ದ. ಆ ಎಲ್ಲರಲ್ಲಿ ತನ್ನನ್ನು ಎಂದೂ ಹಿಡಿದಿರಲಿಲ್ಲ. ಈಗಲೂ ಬಾಯಿಯ ರೂಢಿ ಬಿಡಲಿಲ್ಲ.

"ಕರ್ತ ಕ್ಷಮಾ ಮಾಡ್ತಾನವ್ವ" ಅಂದುಬಿಟ್ಟ.

ಅವಳ ಮುಖ ಅರಳಿತು. ಬಗ್ಗಿ ಅವನ ಕಾಲು ಮುಟ್ಟಲು ಕೈ ಚಾಚಿದಳು. ಹಾವಗೆಪ್ಪ ಹಾವು ತುಳಿದವನಂತೆ ಹಿಂದಕ್ಕೆ ಜಿಗಿದ.

"ಮುಟ್ಟಬ್ಯಾಡ. ಮುಟ್ಟಬ್ಯಾಡ ನನ್ನ. ಗಾಡಾ ದಾಟಿಸಿದಾಂವ ನಾನೇ."

ಅವಳು ಬಗ್ಗಿದವಳು ನಿಧಾನವಾಗಿ ನೆಟ್ಟಗಾದಳು.

"ನಿಮ್ಮೂರಾಗ ನೂಕಿ ಬಂದೆ. ವಿಮಲಾ ಸಾಯಾಕ ಹತ್ತಿದ್ದಳು."

"ಅದಕ್ಕ ನನ್ನ ತುಳಜಪ್ಪ ಸತ್ತನೇನ್ರಿ?"

"ಅಲ್ಲ. ಅದು ಬರೀ ಕಟಗಿ. ಕಟಗಿಲಿಂದ ಯಾರೂ ಸಾಯಂಗಿಲ್ಲ."

"ಕಟಗಿ ಅಂತ ಗೊತ್ತಿದ್ದಾವ್ರು ಯಾಕ ನೂಕಿದ್ರಿ?"

ಹಾವಗೆಪ್ಪ ಗೋಡೆಗೆ ಕೈ ಕೊಟ್ಟ. ಮಣ್ಣು ಉದುರಿತು.

"ನನ್ನ ಮನಿದು ಉಳೀಲಿ, ನಿಮ್ಮ ಕಡಿ ಯಾರರ ಹೋಗಲಿ ಅಂತ. ಖರೆ ಹೇಳ್ತೇನಿ, ಹಂಗೇ ಅಂದಕೊಂಡ ನೂಕಿದೆ."

ಕಸ್ತೂರಿಬಾಯಿ ಬಾಗಿಲಿನತ್ತ ನೋಡಿದಳು. ಒಳಗೆ ಪಾದ್ರಿಗಳು ಕೊನೆಯ ಪ್ರಾರ್ಥನೆಗೆ ಜನರನ್ನು ಎಬ್ಬಿಸುತ್ತಿದ್ದರು.

"ನನಗೊಬ್ಬಾಕಿಗೇ ಹೇಳಿದ್ರ ಹ್ಯಾಂಗ್ರಿ?" ಅಂದಳು. "ಒಳಗ ಕುಂತಾವ್ರು ನಾ ಮುಟ್ಟೀನಂತ ತಿಳಕೊಂಡಾರ. ನಾಳಿಗಿ ನನಗ ನೀರ ಯಾರ ಕೊಡ್ತಾರ?"

ಅವನು ಒಳಗೆ ಹೋದ. ಪ್ರಾರ್ಥನೆ ನಡೆದಿದ್ದಾಗಲೇ ಮಾತು ಶುರುಮಾಡಿದ. ಬೋಧನೆಯ ದನಿ ಬರಲಿಲ್ಲ, ತೊದಲಿದ, ನಡುವೆ ಒಮ್ಮೆ ಮಗಳ ಹೆಸರು ಹಿಡಿದು ಅತ್ತ. ಹೇಳುವುದನ್ನೆಲ್ಲ ಹೇಳಿದ. ಸುಂದರಬಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಗಂಡಸರಲ್ಲಿ ಯಾರೋ "ಥೂ" ಅಂದರು. ಅದೂ ಸರಿಯಾಗಿಯೇ ಇತ್ತು.

ಪಾದ್ರಿಗಳು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಅವನಿಗೆ ಹಗುರಾಗುತ್ತಿತ್ತು. "ಇನ್ನ ಈ ಮೇಜಿನ ಹಿಂದ ನಿಲ್ಲಬ್ಯಾಡ್ರಿ, ಹಾವಗೆಪ್ಪ" ಎಂದರು. "ಜನರ ಜೋಡಿ ಕೂಡ್ರಿ. ಕರ್ತ ನಿಮಗ ಏನ ಮಾಡ್ತಾನ ಅನ್ನೋದು ನನ್ನ ಕೈಯಾಗಿಲ್ಲ." ಆಮೇಲೆ ಬಾಗಿಲಿಗೆ ಬಂದು ನಿಂತಿದ್ದ ಕಸ್ತೂರಿಬಾಯಿಯನ್ನು ಮುಂದೆ ಕರೆದು, ತಾವೂ ಅವಳನ್ನು ದಾಟಿ ಹೋದದ್ದಕ್ಕೆ ಕ್ಷಮೆ ಕೇಳಿ, ರೊಟ್ಟಿ ಕೊಟ್ಟರು, ಬಟ್ಟಲು ಕೊಟ್ಟರು. ಅವಳು ತಿಂದಳು, ಕುಡಿದಳು.

ಕೂಟ ಮುರಿಯಿತು. ಪಾದ್ರಿಗಳು ಭಾಲ್ಕಿಯ ದಾರಿ ಹಿಡಿಯಬೇಕು, ಬಂಡಿಗೆ ಎತ್ತು ಹೂಡುತ್ತಿದ್ದರು. ಹಾವಗೆಪ್ಪ ಅಂಗಳದ ಅಂಚಿನಲ್ಲಿ ನಿಂತಿದ್ದ. ಜನ ಅವನ ಪಕ್ಕದಲ್ಲೇ ಹಾದು ಹೋದರು, ಯಾರೂ ಮಾತಾಡಿಸಲಿಲ್ಲ. ಕಸ್ತೂರಿಬಾಯಿ ಎಲ್ಲರ ಹಿಂದೆ ಬಂದಳು. ಅವಳೂ ಹೋಗಿಬಿಡಲಿ ಎಂದು ಅವನು ತಲೆ ತಗ್ಗಿಸಿದ.

ಅವಳ ಪಾದ ಅವನ ಮುಂದೆ ನಿಂತಿತು.

"ಮಗಳಿಗಿ ಈಗ ಊಟ ಸೇರ್ತದೇನ್ರಿ, ಮಾಸ್ತರ?"

ಸೇರುತ್ತದೆ ಎನ್ನಬೇಕು. ನಿನ್ನೆ ಒಂದಿಡೀ ರೊಟ್ಟಿ ತಿಂದಳು ಎನ್ನಬೇಕು. ಹಾವಗೆಪ್ಪ ತಲೆ ಎತ್ತಿದ. ಕಸ್ತೂರಿಬಾಯಿ ಬಿಸಿಲಿಗೆ ಸೆರಗು ಅಡ್ಡ ಹಿಡಿದುಕೊಂಡು, ಅವನು ಹೇಳಲೆಂದು ಕಾಯುತ್ತ ನಿಂತಳು.