ಬಳಪದ ಗಂಟು

ನಮ್ಮೂರಿನಲ್ಲಿ ಯಾವ ಹೆಂಗಸು ಯಾತಕ್ಕೆ ಸತ್ತಳು ಅನ್ನುವುದು ಇಬ್ಬರಿಗೆ ಗೊತ್ತಿರುತ್ತದೆ. ಒಬ್ಬ ಮೇಲಿದ್ದಾನೆ, ಇನ್ನೊಬ್ಬಳು ಊರಬಾಗಿಲ ಅಗಸಿಯ ಬಾಜೂ ಮನೆಯ ಜೈನಬಿ. ಇಬ್ಬರೂ ಬಾಯಿ ಬಿಡುವವರಲ್ಲ ಎಂದು ಜನ ನಗುತ್ತಿದ್ದರು. ಮೇಲಿನವನು ಈಗಲೂ ಹಾಗೇ ಇದ್ದಾನೆ. ಜೈನಬಿ ಮಾತ್ರ ಹೋದ ಮೆಣಸಿನಕಾಯಿ ಸುಗ್ಗಿಯಲ್ಲಿ ಬಾಯಿ ಬಿಟ್ಟಳು.

ಅಣ್ಣಿಗೇರಿಯಿಂದ ಟಂಟಂ ಹತ್ತಿದರೆ ಅರ್ಧ ತಾಸಿನ ಹಾದಿ ನಮ್ಮೂರು. ಮುಸಲ್ಮಾನರ ಮನೆ ಐವತ್ತು-ಅರವತ್ತು ಇರಬಹುದು; ಒಳಗೆ ಉರ್ದು, ಅಂಗಳಕ್ಕೆ ಬಂದರೆ ಕನ್ನಡ. ಆ ಮನೆಗಳಲ್ಲಿ ಯಾವ ಹೆಣ್ಣು ತೀರಿಕೊಂಡರೂ ಮಣ್ಣಿಗೆ ಒಯ್ಯುವ ಮುಂಚೆ ಮೈ ತೊಳೆಯುವವಳು ಜೈನಬಿ. ಕೆಲಸ ಕಲಿಸಿದ್ದು ಅವಳ ಅತ್ತೆ ಮೈಮುನಬಿ. ಬೋರೆ ಎಲೆ ಹಾಕಿ ಕಾಸಿದ ನೀರು, ಮೊದಲು ಬಲಗಡೆ, ಆಮೇಲೆ ಎಡಗಡೆ, ಕೊನೆಯ ನೀರಿಗೆ ಕರ್ಪೂರ. ಹೊದಿಸಿದ ಬಟ್ಟೆ ಸರಿಯದಂತೆ ಅದರ ಕೆಳಗೇ ಕೈಯಾಡಿಸಬೇಕು. ಇಷ್ಟನ್ನು ಒಂದೇ ದಿನದಲ್ಲಿ ಕಲಿಸಿದ ಮುದುಕಿ, ಇನ್ನೊಂದು ಮಾತನ್ನು ತಾನು ಸಾಯುವ ತನಕ ಹೇಳುತ್ತಲೇ ಇದ್ದಳು: "ಕಣ್ಣು ನೋಡಿದ್ದನ್ನ ನೀರಿನ ಕೂಡ ಚೆಲ್ಲಿಬಿಡಬೇಕು ಬೇಟಿ. ಸತ್ತಾಕಿ ಮೈಮ್ಯಾಲಿನ ಸುದ್ದಿ ಆಕೀದು. ಅದು ನಿನ್ನ ಬಾಯಾಗ ಬರಬಾರದು."

ನಲವತ್ತೊಂದು ವರ್ಷ ಜೈನಬಿ ಹಾಗೇ ಚೆಲ್ಲಿದಳು. ಯಾರ ಬೆನ್ನಿನ ಮೇಲೆ ಬಾಸುಂಡೆ ಇದ್ದವು, ಯಾರ ಎದೆಯಲ್ಲಿ ಲಿಂಬೆಹಣ್ಣಿನಷ್ಟು ಗಡ್ಡೆ ಇತ್ತು, ಜ್ವರ ಬಂದು ಹೋದಳು ಎಂದು ಸುದ್ದಿಯಾದ ಹುಡುಗಿಯ ಬಾಯಲ್ಲಿ ಹತ್ತಿ ಬೆಳೆಗೆ ಹೊಡೆಯುವ ವಿಷದ ಎಣ್ಣೆಯ ವಾಸನೆ ಹೇಗಿತ್ತು, ಎಲ್ಲ ಅವಳಿಗೆ ಗೊತ್ತು. ಹೊರಗೆ ಗಂಡಸರು "ಟೈಮ್ ಬಂದಿತ್ತು, ಹೋದ್ಲು" ಎನ್ನುವುದನ್ನು ಒಳಗೆ ಒದ್ದೆ ಕೈ ಒರೆಸಿಕೊಳ್ಳುತ್ತ ಕೇಳಿಸಿಕೊಳ್ಳುತ್ತಿದ್ದಳು.

ಗಂಡ ಕುತುಬುದ್ದೀನ ಗಾದಿ ಹೊಲಿಯುವವನು. ಅವನಿಗೆ ಇದೊಂದು ಚೇಷ್ಟೆ. "ನಿನ್ನ ಹೊಟ್ಟ್ಯಾಗ ಒಂದು ಖಬರಸ್ತಾನ ಐತಿ ನೋಡ. ಅದಕ್ಕ ನಿನಗ ರೊಟ್ಟಿ ಕಡಿಮಿ ಹಿಡಿತಾವ."

"ಅದರಾಗ ನಿನಗೊಂದು ಜಾಗಾ ಹಿಡದಿಟ್ಟೇನಿ. ಸುಮ್ನ ದಾರ ಪೋಣಸು."

ಹೋದ ಜನವರಿಯಲ್ಲಿ ಮುಮತಾಜಳ ಅಂಗಳದಲ್ಲಿ ಆರೇಳು ಹೆಂಗಸರು ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕುಳಿತಿದ್ದರು. ಜೈನಬಿಯೂ ಇದ್ದಳು. ಎದುರಿಗೆ ಮುಮತಾಜಳ ಕಿರಿಯ ಸೊಸೆ ರೂಬಿನಾ, ಜಾಕೀರನ ಹೆಂಡತಿ, ಆರು ತಿಂಗಳ ಬಸುರಿ. ರಾಶಿಯಲ್ಲಿ ಕೈಯಾಡಿಸಿ ಎಲ್ಲರ ಬೆರಳೂ ಕೆಂಪಾಗಿದ್ದವು. ರೂಬಿನಾಳ ಬೆರಳಿಗೂ ಬಣ್ಣ ಹತ್ತಿತ್ತು. ಉಗುರಿನ ಒಳಗೆ ಮಾತ್ರ ಸುಣ್ಣ ಬಳಿದ ಹಾಗೆ ಬಿಳುಪು. ಜೈನಬಿ ಅದನ್ನೇ ನೋಡುತ್ತಿದ್ದಾಗ 'ಕಟಕ್' ಎಂದು ಸಣ್ಣ ಸಪ್ಪಳ ಬಂತು. ಹುಡುಗಿ ಸೆರಗು ಅಡ್ಡ ಹಿಡಿದು ಏನನ್ನೋ ಅಗಿಯುತ್ತಿದ್ದಳು.

"ಏನ ತಿನ್ನಾಕತ್ತಿಯವ್ವ?"

"ಏನಿಲ್ಲ ಖಾಲಾ. ಅಡಕಿ."

"ಅಡಕಿ ತಿಂದ್ರ ತುಟಿ ಕೆಂಪಾಗತಾವ. ನಿನ್ನವು ಬೆಳ್ಳಗಾಗ್ಯಾವಲ್ಲ."

ಹೆಂಗಸರು ನಕ್ಕರು. ಜೈನಬಿ ನಗಲಿಲ್ಲ. ಎದ್ದು ಹೋಗಿ ಹುಡುಗಿಯ ಗದ್ದ ಎತ್ತಿ, ಮೊಣಕೈಯಿಂದ ಸೆರಗು ಸರಿಸಿ, ಮೆಣಸಿನಕಾಯಿ ಮುಟ್ಟದ ಕಿರುಬೆರಳಿನಿಂದ ಕಣ್ಣಿನ ಕೆಳರೆಪ್ಪೆ ಜಗ್ಗಿ ನೋಡಿದಳು. ಒಳಗೆ ಕೆಂಪಿನ ಸುಳಿವಿರಲಿಲ್ಲ.

"ಮುಮತಾಜ್, ರೋಹಿಣಿ ಬಂದಿಲ್ಲೇನು?" ರೋಹಿಣಿ ಎಂದರೆ ಊರಿನ ಆಶಾ ಕಾರ್ಯಕರ್ತೆ.

"ಬಂದಿದ್ಲು, ಮೂರ ಸಲ. ಚಾ ಕುಡಿಸಿ ಕಳಿಸೇನಿ. ಇನ್ನೊಮ್ಮಿ ದವಾಖಾನಿ ಮಾತು ತಗದ್ರ ಚಾನೂ ಇಲ್ಲ ಅಂದೇನಿ." ಮುಮತಾಜ್ ನಗುತ್ತಲೇ ಹೇಳಿದಳು, ಆಮೇಲೆ ಅವಳ ಕೈ ನಿಂತಿತು. "ನಮ್ಮ ಶಬೀನಾ ತನ್ನ ಕಾಲಮ್ಯಾಲ ನಡದು ಗಾಡಿ ಹತ್ತಿದ್ಲು, ಜೈನಬಿ. ತಿರುಗಿ ಬಂದಾಗ ನಾಕ ಮಂದಿ ಹೊತ್ತು ಇಳಿಸಿದ್ರು. ಸೂಜಿ ಚುಚ್ಚಿ ಒಂದು ತಾಸು ಆಗಿರಲಿಲ್ಲ. ಒಂದು ಸೊಸಿನ್ನ ದವಾಖಾನಿಗೆ ಕೊಟ್ಟೇನಿ. ಇನ್ನೊಂದು ಕೊಡಂಗಿಲ್ಲ."

ಶಬೀನಾ ಅವಳ ಹಿರಿಯ ಸೊಸೆ. ಮೂರು ವರ್ಷದ ಹಿಂದೆ ಎಂಟು ತಿಂಗಳ ಬಸುರಿ ಇದ್ದಾಗ ಉಸಿರು ಹಿಡಿಯಿತೆಂದು ಒಯ್ದಿದ್ದರು. ಅವಳ ಮೈ ತೊಳೆದದ್ದೂ ಜೈನಬಿಯೇ. ಉಗುರು, ತುಟಿ, ನಾಲಿಗೆ ಎಲ್ಲ ಬಿಳಿ. ಅದು ಒಂದು ತಾಸಿನಲ್ಲಿ ಬಂದ ಬಿಳುಪಾಗಿರಲಿಲ್ಲ. ತಿಂಗಳುಗಟ್ಟಲೆ ರಕ್ತ ಬತ್ತಿದ ಮೈ ಅದು. ಓಢಣಿ ಬಿಚ್ಚುವಾಗ ಅದರ ತುದಿಯಲ್ಲಿ ಗಂಟೊಂದು ಸಿಕ್ಕಿತು. ಒಳಗೆ ಮಕ್ಕಳು ಪಾಟಿ ಮೇಲೆ ಬರೆಯುವ ಬಳಪದ ಚೂರುಗಳು, ಹಲ್ಲಿನ ಗುರುತು ಬಿದ್ದವು. ರಕ್ತ ಕಡಿಮೆಯಾದ ಬಸುರಿಯರಿಗೆ ಮಣ್ಣು, ಬಳಪ, ಹಸಿ ಅಕ್ಕಿ ತಿನ್ನುವ ಹುಚ್ಚು ಹತ್ತುತ್ತದೆ. ಹುಡುಗಿ ಕದ್ದು ಬಳಪ ತಿನ್ನುತ್ತಿದ್ದಳೆಂದು ಸತ್ತ ಮೇಲೆ ಊರು ಆಡಿಕೊಳ್ಳುವುದು ಬೇಡ ಎಂದು ಜೈನಬಿ ಆ ತುದಿಯನ್ನು ಗಂಟಿನ ಸಮೇತ ಕತ್ತರಿಸಿ ತನ್ನ ಎಲಿಅಡಿಕೆ ಡಬ್ಬಿಯಲ್ಲಿ ಇಟ್ಟುಕೊಂಡಳು. ಹೊರಗೆ ಮುಮತಾಜ್ "ಸೂಜಿ ಕೊಂದಿತು" ಎಂದು ಎದೆ ಬಡಿದುಕೊಳ್ಳುತ್ತಿದ್ದಳು. ಜೈನಬಿ ನೀರು ಚೆಲ್ಲಿ ಮನೆಗೆ ಬಂದಿದ್ದಳು.

ಈಗ ಅದೇ ಉಗುರು. ಅದೇ 'ಕಟಕ್'.

ಆ ಸಂಜೆ ಕುತುಬುದ್ದೀನ ಹಳೆಯ ಗಾದಿ ಬಿಚ್ಚಿ ಹತ್ತಿ ಹಿಂಜುತ್ತಿದ್ದ. ಜೈನಬಿ ಎಲ್ಲವನ್ನೂ ಹೇಳಿದಳು. ನಲವತ್ತೊಂದು ವರ್ಷದಲ್ಲಿ ಮೊದಲ ಸಲ ಹೇಳುತ್ತಿದ್ದುದರಿಂದ ಅವನು ಕೈ ನಿಲ್ಲಿಸಿ ಕೇಳಿದ.

"ನೋಡ, ಮಂದಿ ಸಾಯಾಕ ಬೇಕು," ಎಂದ ಕಡೆಗೆ. "ಸಾಯಲಿಲ್ಲಂದ್ರ ಈ ಊರಾಗ ಕುಂದರಾಕ ಕಟ್ಟಿ ಸಾಲತಾವೇನು? ನಮ್ಮ ಮುತ್ಯಾ, ಅವನ ಮುತ್ಯಾ, ಎಲ್ಲಾರೂ ಚಾ ಕೇಳಕೋಂತ ಕುಂತಿರತಿದ್ರು. ಹಳೇ ಹತ್ತಿ ತಗದ್ರ ತಾನ ಗಾದಿಗೆ ಹೊಸಾ ಹತ್ತಿ ತುಂಬೋದು? ಅದಕ್ಕ ಅವನು ಸಾವು ಇಟ್ಟಾನ."

"ಹಳೇ ಹತ್ತಿ ಮಾತು ನಾ ಆಡವಲ್ಲೆ. ನಿಮ್ಮವ್ವ ಹೋದಾಗ ನಾ ಅತ್ತೇನಿ, ಜಗಳಾ ತಗದಿಲ್ಲ. ಶಬೀನಾಗ ಇಪ್ಪತ್ತಮೂರು. ಆಕಿ ಯಾರಿಗೆ ಜಾಗಾ ಮಾಡಿದ್ಲು ಹೇಳ. ಹೊಟ್ಟ್ಯಾಗಿಂದನ್ನೂ ಕರಕೊಂಡ ಹೋದ್ಲು."

"ಹಣ್ಯಾಗ ಬರದಿತ್ತು."

"ಬರದದ್ದು ಅವನ ಹತ್ರ ಐತಿ, ನಾ ಓದಿಲ್ಲ. ಉಗುರು ನನ್ನ ಕಣ್ಣ ಮುಂದ ಐತಿ. ಅದನ್ನ ಓದಾಕ ನನಗ ಬರತೈತಿ."

ಕುತುಬುದ್ದೀನ ಮತ್ತೆ ಹತ್ತಿಗೆ ಕೈ ಹಾಕಿದ. "ಬಾಯಿ ಬಿಟ್ರ ಮುಂದ ಯಾರೂ ನಿನ್ನ ಕರಿಯಂಗಿಲ್ಲ."

"ಬ್ಯಾಡ. ಮೊಣಕಾಲು ನೋಯತಾವ."

"ಅವ್ವಗ ಕೊಟ್ಟ ಮಾತು?"

"ಆ ಕಡೆ ಭೆಟ್ಟಿ ಆದಾಗ ಆಕಿ ಕೂಡ ಜಗಳಾಡತೇನಿ. ಆಕೀನೂ ಶಬೀನಾನ ಬಾಜೂಕ ಮಲಗ್ಯಾಳ, ಇಷ್ಟರಾಗ ಕೇಳಿ ತಿಳಕೊಂಡಿರತಾಳ."

ಮರುದಿನ ಮುಂಜಾನೆ ಜೈನಬಿ ಡಬ್ಬಿ ಹಿಡಿದುಕೊಂಡು ಹೋದಳು. ಹಾದಿಯಲ್ಲಿ ರೋಹಿಣಿಯನ್ನೂ ಕರೆದುಕೊಂಡಳು. "ನೀ ಬಾಗಲದಾಗ ನಿಂದರು, ಬಾಯಿ ತಗೀಬ್ಯಾಡ. ಇವತ್ತ ನಂದು ಪಾಳಿ." ಅಂಗಳದಲ್ಲಿ ಮತ್ತೆ ಅದೇ ಹೆಂಗಸರು, ಅದೇ ರಾಶಿ. ಜಾಕೀರ್ ಚೀಲದ ಬಾಯಿ ಹೊಲಿಯುತ್ತಿದ್ದ.

"ಕುಂದರು ಬಾ," ಎಂದಳು ಮುಮತಾಜ್.

"ಕುಂದರಾಕ ಬಂದಿಲ್ಲ. ಒಂದು ಮಾತು ಹೇಳಿ ಹೋಗತೇನಿ. ಈ ರೂಬಿನಾನ ಮೈ ನಾ ತೊಳಿಯಂಗಿಲ್ಲ. ಅಣ್ಣಿಗೇರಿಂದ ಯಾರನ್ನರೆ ಈಗ ಹೇಳಿ ಇಟ್ಟಕೋರಿ."

ತೊಟ್ಟು ಮುರಿಯುವ ಸಪ್ಪಳ ನಿಂತುಹೋಯಿತು. ಜಾಕೀರನ ದಬ್ಬಣ ಚೀಲದಲ್ಲೇ ಉಳಿಯಿತು. ಮುಮತಾಜ್ ಮೆಲ್ಲಗೆ ಎದ್ದಳು.

"ತೋಬಾ. ಬಸುರಿ ಹೆಂಗಸಿನ ಮುಂದ ಏನ ಮಾತಾಡಾಕತ್ತೀ? ತಲಿ ನೆಟ್ಟಗೈತೇನು ನಿಂದು?"

"ಐತಿ. ಮೂರು ವರ್ಷದ ಹಿಂದ ನೆಟ್ಟಗ ಇರಲಿಲ್ಲ." ಜೈನಬಿ ಡಬ್ಬಿ ತೆಗೆದು ಗಂಟನ್ನು ಮುಮತಾಜಳ ಕೈಯಲ್ಲಿಟ್ಟಳು. ಹಸಿರು ಓಢಣಿಯ ತುದಿ, ಅಂಚಿಗೆ ಕೈಯಿಂದ ಹಾಕಿದ ಬಿಳಿ ಹೂವು. ಆ ಹೂವು ಹಾಕಿದ್ದು ಮುಮತಾಜಳೇ, ಹಿರಿಯ ಮಗ ಸಲೀಮನ ಮದುವೆಯ ಹೊತ್ತಿಗೆ. ಗುರುತು ಹಿಡಿಯಲು ಅವಳಿಗೆ ಕ್ಷಣವೂ ಬೇಕಾಗಲಿಲ್ಲ.

"ಬಿಚ್ಚು," ಎಂದಳು ಜೈನಬಿ.

ಬಿಚ್ಚಿದಳು. ಬಳಪದ ಚೂರುಗಳು ಅಂಗೈಯಲ್ಲಿ ಉರುಳಿದವು.

"ಇದನ್ನ ತಿಂತಿದ್ಲು ನಿನ್ನ ಶಬೀನಾ. ಮೈಯಾಗ ರಕ್ತ ಇರಲಿಲ್ಲ ಆಕೀಗೆ. ಗಾಡಿ ಹತ್ತೂ ಮುಂಚೇನ ಇರಲಿಲ್ಲ, ಅದಕ್ಕೂ ಮುಂಚೆ ನಾಕ ತಿಂಗಳಿಂದ ಇರಲಿಲ್ಲ. ಸೂಜಿ ಕೊಲ್ಲಲಿಲ್ಲ ಮುಮತಾಜ್. ಸೂಜಿಗೆ ಭಾಳ ತಡಾ ಆಗಿತ್ತು. ಆಕಿ ಉಗುರು ನಾ ನೋಡೇನಿ. ಇವತ್ತ ಈಕೀವು ನೋಡಾಕತ್ತೇನಿ. ನಂಬಿಗಿ ಇಲ್ಲಂದ್ರ ಈಕಿ ಸೆರಗಿನ ತುದಿ ನೋಡು."

ಯಾರೂ ನೋಡಬೇಕಾಗಲಿಲ್ಲ. ರೂಬಿನಾ ತಲೆ ತಗ್ಗಿಸಿ ತಾನೇ ಸೆರಗಿನ ಗಂಟು ಬಿಚ್ಚಿದಳು. ಮೂರು ಚೂರು ಬಳಪ ಕೆಂಪು ಮೆಣಸಿನಕಾಯಿಯ ಮೇಲೆ ಬಿದ್ದವು.

ಮುಮತಾಜಳ ಬಾಯಿ ಊರಿಗೇ ದೊಡ್ಡದು. ಆವತ್ತು ಬಂದ ಮಾತು ಸಣ್ಣ ದನಿಯದು.

"ಮೂರು ವರ್ಷ ಇದು ನಿನ್ನ ಡಬ್ಬ್ಯಾಗ ಇತ್ತು."

"ಇತ್ತು."

"ನಾ ಆ ಡಾಕ್ಟರಗ ದಿನಾ ಐದು ಹೊತ್ತು ಶಾಪ ಹಾಕತಿದ್ನಿ. ನೀ ಬಾಜೂಕ ಕುಂತು ಎಲಿ ಹಾಕ್ಕೋತಿದ್ದಿ."

"ಹೌದು. ಆಕಿ ಮಾನ ಕಾಯತೇನಿ ಅಂತ ತಿಳಕೊಂಡಿದ್ನಿ. ಈ ಹುಡಿಗೀನ ಸಾಯಿಸಾಕ ತಯಾರ ಮಾಡಿದ್ನಿ. ತಪ್ಪು ನಂದು ಐತಿ, ಬೈ. ಗಾಡಿ ಹತ್ತಿಸಿ ಬೈ."

ಜಾಕೀರ್ ಅಷ್ಟರಲ್ಲಿ ಎದ್ದು ನಿಂತಿದ್ದ. ಅವ್ವನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. ಬಾಗಿಲಲ್ಲಿದ್ದ ರೋಹಿಣಿ ಇನ್ನು ತಡೆಯಲಾರದೆ, "ನಾ ದವಾಖಾನಿ ಚೀಟಿ ಬರದ ಇಟ್ಟೇನಿ ಅಣ್ಣಾರ. ಹೋದ ಸಲ ಬಂದಾಗ ಬೆರಳ ತುದಿ ರಕ್ತ ನೋಡಿದ್ನಿ, ಹಿಮೋಗ್ಲೋಬಿನ್ ಐದೂವರಿ ಇತ್ರಿ. ಹನ್ನೊಂದು ಇರಬೇಕ್ರಿ," ಎಂದಳು.

"ಟಂಟಂ ಬ್ಯಾಡ, ಕುಲುಕತೈತಿ," ಎಂದಳು ಮುಮತಾಜ್. "ಮಾಸ್ತರ ಹಾರೂನನ ಕಾರು ಕೇಳು. ನಾನೂ ಬರತೇನಿ." ಬುರ್ಖಾ ಹಾಕಿಕೊಂಡು ಹೊರಬಂದವಳು ಜೈನಬಿಯ ಎದುರಿಗೆ ನಿಂತಳು. ಆ ಗಂಟು ಇನ್ನೂ ಅವಳ ಮುಷ್ಟಿಯಲ್ಲಿತ್ತು. "ನೀ ಮಾತ್ರ ನನ್ನ ಹೊಸ್ತಿಲಾ ದಾಟಬ್ಯಾಡ."

"ದಾಟಂಗಿಲ್ಲ," ಎಂದು ಜೈನಬಿ ಮನೆಗೆ ಬಂದಳು.

ರೂಬಿನಾಳಿಗೆ ಹುಬ್ಬಳ್ಳಿಯಲ್ಲಿ ಎರಡು ಬಾಟಲಿ ರಕ್ತ ಹಾಕಿದರು. ಒಂದು ಜಾಕೀರನದೇ, ಇನ್ನೊಂದು ಯಾರದೋ. ಆಮೇಲೆ ಗುಳಿಗೆ, ಸೊಪ್ಪು, ಬೆಲ್ಲ-ಶೇಂಗಾ, ವಾರಕ್ಕೊಮ್ಮೆ ರೋಹಿಣಿಯ ಬೈಗುಳ. ಏಪ್ರಿಲ್ ಕೊನೆಗೆ ಹೆಣ್ಣು ಹುಟ್ಟಿತು. ಕೂಸು ಅತ್ತರೆ ಅಗಸಿಯವರೆಗೆ ಕೇಳುತ್ತಿತ್ತು. "ಬಾಯಿ ಅಜ್ಜೀದು ಬಂದೈತಿ," ಎಂದ ಕುತುಬುದ್ದೀನ. ಜೈನಬಿ ತನ್ನ ಬಾಗಿಲಲ್ಲೇ ಕುಳಿತು ಆ ಅಳು ಕೇಳಿಸಿಕೊಂಡಳು. ಹೊಸ್ತಿಲು ದಾಟುವುದಿಲ್ಲ ಎಂದ ಮೇಲೆ ದಾಟಲಿಲ್ಲ.

ಊರು ಅವಳನ್ನು ಕರೆಯುವುದು ಬಿಟ್ಟಿತು. ಮೇ ತಿಂಗಳಲ್ಲಿ ಒಂದು, ಜೂನ್‌ನಲ್ಲಿ ಒಂದು ಸಾವಾಯಿತು. ಎರಡಕ್ಕೂ ಅಣ್ಣಿಗೇರಿಯಿಂದ ಬೇರೆಯವಳು ಬಂದಳು. ನೀರಿನ ನಳದ ಹತ್ತಿರ ಒಬ್ಬಳು, "ಆಕಿ ಕೈಗೆ ಸಿಗಬ್ಯಾಡ್ರಿ, ಮೈಮ್ಯಾಲಿಂದು ಪೇಪರಿಗೆ ಕೊಡತಾಳ," ಎಂದಳಂತೆ. ಜೈನಬಿ ಕೊಡ ತುಂಬಿಸಿಕೊಂಡು ಹೋಗುವಾಗ ತಿರುಗಿ ನಿಂತಳು. "ನಾ ಜೀವಂತ ಇದ್ದವರದೂ ಹೇಳತೇನಿ. ನಿನ್ನ ಕಾಲು ಬಾತಾವ. ದವಾಖಾನಿಗೆ ಹೋಗು." ಆ ಹೆಂಗಸು ಆರೇಳು ದಿನ ಸಿಟ್ಟು ಮಾಡಿದಳು, ಆಮೇಲೆ ಹೋದಳು. ಸಕ್ಕರೆ ಕಾಯಿಲೆ ಎಂದು ಗೊತ್ತಾಯಿತು.

ಜುಲೈನಲ್ಲಿ ಮಾಸ್ತರ ಹಾರೂನನ ತಾಯಿ ತೀರಿಕೊಂಡಳು. ತೊಂಬತ್ತು ದಾಟಿದ ಮುದುಕಿ. ಮಳೆ ಹಿಡಿದಿತ್ತು, ಎರೆಮಣ್ಣಿನ ಹಾದಿ ಕೂತುಹೋಗಿ ಅಣ್ಣಿಗೇರಿಯವಳು ಬರುವಂತಿರಲಿಲ್ಲ. ಹಾರೂನ ಮುಂಜಾನೆ ಕೊಡೆ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತ.

"ಬರಬೇಕ್ರಿ ಖಾಲಾ. ಆದ್ರ..." ಎಂದು ತಡವರಿಸಿದ.

"ಆದ್ರ ಏನೂ ಇಲ್ಲ ಹಾರೂನ. ಕಂಡದ್ದನ್ನ ಚೌಕದಾಗ ಸಾರಂಗಿಲ್ಲ. ಮನಿಯವರಿಗೆ ಹೇಳತೇನಿ. ಬದುಕಿದವರಿಗೆ ಉಪಯೋಗ ಆಗೂದಿತ್ತಂದ್ರ ಯಾರ ಬ್ಯಾಡ ಅಂದ್ರೂ ಹೇಳತೇನಿ. ಒಪ್ಪಿಗಿ ಇದ್ರ ನಡಿ, ಇಲ್ಲಂದ್ರ ಮನಿಗೆ ಹೋಗು, ನಿನ್ನ ಪ್ಯಾಂಟ್ ತೊಯ್ಯಾಕತ್ತೈತಿ."

"ಒಪ್ಪಿಗಿ ಐತ್ರಿ."

ಮೈ ತೊಳೆಯಲು ಇಬ್ಬರು ಬೇಕು. ಒಬ್ಬಳು ಕೈಯಾಡಿಸಿದರೆ ಇನ್ನೊಬ್ಬಳು ನೀರು ಹಾಕಬೇಕು. ಜೈನಬಿಯ ಜೊತೆ ಒಳಗೆ ಹೋಗಲು ಯಾರೂ ಮುಂದೆ ಬರಲಿಲ್ಲ. ಪರದೆ ಕಟ್ಟಿ, ಬೋರೆ ಎಲೆಯ ನೀರು ಇಳಿಸಿ, ಒಬ್ಬಳೇ ಮಾಡುತ್ತೇನೆ ಎಂದು ತೋಳು ಏರಿಸುತ್ತಿರುವಾಗ ಪರದೆ ಸರಿಯಿತು. ಮುಮತಾಜ್. ಆರು ತಿಂಗಳಿಂದ ಜೈನಬಿಯ ಕಡೆ ಮುಖ ಮಾಡದವಳು, ಈಗಲೂ ಮುಖ ನೋಡದೆ ತಂಬಿಗೆ ಎತ್ತಿಕೊಂಡಳು.

ಬಲಗಡೆ ಆಯಿತು, ಎಡಗಡೆ ಆಯಿತು. ಮುದುಕಿಯ ತೊಗಲು ಹಳೆಯ ಮಲ್‌ಮಲ್ ಬಟ್ಟೆಯ ಹಾಗೆ ಮೆತ್ತಗಿತ್ತು. ಕರ್ಪೂರದ ನೀರು ಹಾಕುವಾಗ ಮುಮತಾಜ್ ಕೇಳಿದಳು.

"ಏನ ಕಂಡಿ?"

ಜೈನಬಿ ಮುದುಕಿಯ ಕೈ ಎತ್ತಿ ಉಗುರು ನೋಡಿದಳು.

"ಏನೂ ಇಲ್ಲ. ವಯಸ್ಸಾಗಿತ್ತು. ಇದು ಅವನ ಲೆಕ್ಕದ್ದು, ನಾ ಏನೂ ಅನ್ನಂಗಿಲ್ಲ."

"ಅನ್ನೂದಿದ್ದಾಗ?"

"ಅಂತೇನಿ. ಅವನ ಎದರಿಗೂ ಅಂತೇನಿ."

ಮುಮತಾಜ್ ತಂಬಿಗೆಯಲ್ಲಿ ಉಳಿದಿದ್ದ ನೀರನ್ನು ಮುದುಕಿಯ ಪಾದದ ಮೇಲೆ ನಿಧಾನವಾಗಿ ಹಾಕಿದಳು. "ಹೊಟ್ಟಿ ತುಂಬಾ ಹಾಲು ಕುಡಿತೈತಿ ಆ ಕೂಸು," ಎಂದಳು ಯಾರಿಗೋ ಹೇಳಿದ ಹಾಗೆ. "ಸಂಜಿಕ ಬಂದು ಉಗುರು ನೋಡಿ ಹೋಗು. ಅವ್ವಂದೂ ನೋಡು, ಮಗಳದ್ದೂ ನೋಡು."