ಕೆಂಚನ ಬಣ್ಣ

ನೀರಾವರಿ ಇಲಾಖೆಯಿಂದ ನಿವೃತ್ತರಾದ ಹನ್ನೆರಡನೆಯ ದಿನ ಮರಿಸ್ವಾಮಿ ಮಂಡಕ್ಕಿ ತಿನ್ನುತ್ತ, "ಒಂದು ನಾಯಿ ಸಾಕೂಣೇನು?" ಅಂದರು.

ಮೂವತ್ತನಾಲ್ಕು ವರ್ಷ ಕಂಪ್ಲಿ ಕಡೆಯ ಕಾಲುವೆಯಲ್ಲಿ ನೀರಿನ ಮಟ್ಟ ಅಳೆದು, ಒಂದಂಗುಲವನ್ನೂ ಸುಳ್ಳು ಬರೆಯದ ಮನುಷ್ಯ. ಇಂಥದೊಂದು ಆಸೆ ಇವರೊಳಗೆ ಎಲ್ಲಿ ಅಡಗಿ ಕೂತಿತ್ತೋ, ಹೆಂಡತಿ ಗಂಗಾಂಬಿಕಾಗೇ ಗೊತ್ತಿರಲಿಲ್ಲ.

"ತರ್ರಿ. ಆದ್ರ ಬಿಳೀದು ಬ್ಯಾಡ."

ಕಾರಣ ಕೇಳಬೇಕಿರಲಿಲ್ಲ. ಹೊಸಪೇಟೆಯ ಆ ರಸ್ತೆಯಲ್ಲಿ ಸಂಡೂರಿನ ಅದಿರು ಲಾರಿಗಳು ಹಗಲಿಡೀ ಕೆಂಪು ಧೂಳೆಬ್ಬಿಸಿ ಓಡಾಡಿ, ಮರಿಸ್ವಾಮಿಯ ಬಿಳಿ ಪಂಚೆಗಳೆಲ್ಲ ಕಾವಿಯಾಗಿದ್ದವು. ಓಣಿಯವರು ಅವರನ್ನು ಮಠದ ಸ್ವಾಮಿಗಳಿಗೆ ಅನ್ನುವಂತೆ 'ಬುದ್ಧೀ' ಎಂದು ಕೈಮುಗಿದು ಕಾಡುತ್ತಿದ್ದರು.

"ನಿಮ್ಮ ಪಂಚೆ ಒಗದು ಒಗದು ನನ್ನ ರಟ್ಟಿ ಬಿದ್ದಾವ. ಇನ್ನ ನಾಯೀನೂ ಒಗೀಲೇನು?"

"ಬಿಳೀದು ತಂದ್ರ ನಾನ ವಾಪಸ್ ಬಿಟ್ಟ್ ಬರ್ತೀನಿ. ಮಾತಂದ್ರ ಮಾತು."

ಮರುದಿನವೇ ಸಂಡೂರಿಗೆ ಹೋದರು. ಲಾರಿ ನಿಲ್ಲುವ ಜಾಗದಲ್ಲಿ ಹಳೆಯ ಗೆಳೆಯ ಹೊನ್ನೂರಪ್ಪನ ಚಹಾದಂಗಡಿ. ಅಲ್ಲೊಂದು ಮರಿ ಲಾರಿಯ ಟೈರನ್ನು ಕಚ್ಚಿ ತಿಂದೇ ತೀರುತ್ತೇನೆ ಎಂಬಂತೆ ಗುದ್ದಾಡುತ್ತಿತ್ತು. ಇವರನ್ನು ಕಂಡದ್ದೇ ಟೈರು ಬಿಟ್ಟು ಪಂಚೆ ಹಿಡಿಯಿತು. ಮರಿಸ್ವಾಮಿ ಕರಗಿಹೋದರು.

"ಬಣ್ಣ ನೋಡಲೇ ಹೊನ್ನೂರ, ಇಟ್ಟಂಗಿ ಇದ್ದಂಗೈತಿ."

"ಇಲ್ಲಿ ಎಲ್ಲಾರದೂ ಅದ ಬಣ್ಣ. ನನ್ನ ಗಡ್ಡ ನೋಡು," ಅಂದ ಹೊನ್ನೂರಪ್ಪ. ಮರಿಸ್ವಾಮಿ ಅದನ್ನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ.

ಹೊಸಪೇಟೆಯಲ್ಲಿ ಬಸ್ಸಿಳಿದು ಆಟೋ ಹತ್ತಿ, ಮುದ್ದಿನಿಂದ ಮರಿಯ ಬೆನ್ನು ಸವರಿದರು. ಅಂಗೈ ಕೆಂಪಾಯಿತು. ಬೆನ್ನ ಮೇಲೆ ಐದು ಬೆರಳು ಬೆಳ್ಳಗೆ ಮೂಡಿದವು.

ಮರಿ ಅವರ ಮಣಿಕಟ್ಟು ನೆಕ್ಕಿತು. ಇದನ್ನು ವಾಪಸ್ ಬಿಡುವುದೇ? ಆಟೋ ನಿಲ್ಲಿಸಿ, ರಸ್ತೆ ಬದಿಯ ಧೂಳನ್ನು ಬೊಗಸೆಯಲ್ಲಿ ಎತ್ತಿ ಮರಿಗೆ ಬಳಿದು, ಜೀವಮಾನದ ಮೊದಲ ಸುಳ್ಳು ಲೆಕ್ಕ ಬರೆದರು.

"ಮುಟ್ಟಬ್ಯಾಡ, ಹೊಸಾದು, ಕಚ್ಚತೈತಿ," ಎಂದು ಹೆಂಡತಿಗೆ ಎಚ್ಚರಿಸುವಾಗ ಮರಿ ಆಕೆಯ ಕಾಲ್ಬೆರಳು ನೆಕ್ಕುತ್ತಿತ್ತು. ಆಕೆ ಅದಕ್ಕೆ ಕೆಂಚ ಅಂತ ಹೆಸರಿಟ್ಟಳು.

ಅಂದಿನಿಂದ ದಿನಾ ಬೆಳಿಗ್ಗೆ ಕೆಂಚನೊಂದಿಗೆ ತಿರುಗಾಟ. ಲಾರಿ ಬಂದರೆ ಊರೆಲ್ಲ ಮೂಗು ಮುಚ್ಚಿ ಓಡಿದರೆ, ಇವರಿಬ್ಬರು ಮಾತ್ರ ಎದೆಯೊಡ್ಡಿ ನಿಲ್ಲುತ್ತಿದ್ದರು. ಸಾಲದಿದ್ದರೆ ಇರಲಿ ಎಂದು ಮಂಚದ ಕೆಳಗೊಂದು ಬಿಸ್ಕತ್ತಿನ ಡಬ್ಬಿ ತುಂಬ ಧೂಳನ್ನೂ ಬಚ್ಚಿಟ್ಟಿದ್ದರು. ಅರವತ್ತರಲ್ಲಿ ಇಷ್ಟು ಖುಷಿಯ ಕಳ್ಳತನವಿದೆಯೆಂದು ಗೊತ್ತಿದ್ದರೆ ಮೊದಲೇ ನಿವೃತ್ತರಾಗುತ್ತಿದ್ದರು.

ಒಂಬತ್ತನೆಯ ದಿನ ಮಧ್ಯಾಹ್ನ ಧೋ ಎಂದು ಮಳೆ. ಮರಿಸ್ವಾಮಿ ನಿದ್ದೆಯಿಂದ ಎದ್ದಾಗ ಮಳೆ ನಿಂತಿತ್ತು. ಕೆಂಚ ಹೊಸ್ತಿಲಲ್ಲಿ ಒದ್ದೆಯಾಗಿ ಮಲಗಿದ್ದ. ಕೆಂಪೇನೋ ಇತ್ತು, ಆದರೆ ಇಟ್ಟಂಗಿಯ ಕೆಂಪಲ್ಲ. ಬಗ್ಗಿ ಮೂಸಿದರು. ಶುಕ್ರವಾರಕ್ಕೊಮ್ಮೆ ಹೆಂಡತಿ ಹೊಸ್ತಿಲಿಗೆ ಸಾರಿಸುವ ಕೆಮ್ಮಣ್ಣು.

ಅಡುಗೆಮನೆಯಲ್ಲಿ ಗಂಗಾಂಬಿಕಾಳ ಮೊಣಕೈವರೆಗೂ ಅದೇ ಬಣ್ಣ.

"ಏನಿದು?"

ಆಕೆ ಸೆರಗಿನಲ್ಲಿ ಕೈ ಮುಚ್ಚಿಕೊಂಡಳು. "ಮೂರನೇ ದಿನ ನೀವು ಮಲಗಿದ್ದಾಗ ಜಳಕ ಮಾಡ್ಸಿದ್ದೆ. ಹತ್ತಿ ಉಂಡಿಯಂಗ ಬೆಳ್ಳಗಾತು. ನೀವು ನೋಡಿದ್ರ ಮಾತಂದ್ರ ಮಾತು ಅಂತ ಸಂಡೂರಿಗೆ ಹೊತ್ಕೊಂಡ್ ಹೋಗ್ತಿದ್ರಿ. ಅವತ್ತು ಅಂಗಳದ ಧೂಳು ಬಳದೆ. ಇವತ್ತು ಮಳಿಗೆ ಎಲ್ಲಾ ತೊಳದು ಹೋಗಿತ್ತು, ಏನ್ಮಾಡ್ಲಿ?"

ಮರಿಸ್ವಾಮಿ ಹೋಗಿ ಮಂಚದ ಕೆಳಗಿನ ಡಬ್ಬಿ ತಂದು ಮುಚ್ಚಳ ತೆಗೆದರು. ಗಂಗಾಂಬಿಕಾ ಧೂಳನ್ನೂ ಗಂಡನನ್ನೂ ನೋಡಿ, ನಗು ತಡೆಯಲಾರದೆ ನೆಲಕ್ಕೆ ಕುಸಿದು ಕೂತಳು.

ಇಬ್ಬರೂ ಸೇರಿ ಕೆಂಚನನ್ನು ಅಂಗಳದ ಬಂಡೆಯ ಮೇಲೆ ತಿಕ್ಕಿದರು. ಚರಂಡಿ ಕೆಂಪಾಗಿ ಹರಿಯಿತು. ಹುಣ್ಣಿಮೆಯಂಥ ನಾಯಿ ಹೊರಬಂತು.

"ಈಗ ವಾಪಸ್ ಏನ್ರಿ?" ಆಕೆಯ ದನಿ ಸಣ್ಣಗಾಗಿತ್ತು.

ಮರಿಸ್ವಾಮಿ ಮೂವತ್ತನಾಲ್ಕು ವರ್ಷದ ಗಾಂಭೀರ್ಯದಿಂದ ಯೋಚಿಸಿದರು. "ನಾ ತಂದದ್ದು ಕೆಂಪು ನಾಯಿ. ಬಿಳೀ ಮಾಡಿದಾಕಿ ನೀನು. ನನ್ನ ಮಾತೇನೂ ತಪ್ಪಿಲ್ಲ."

ಪಕ್ಕದ ಮನೆಯ ಸುಂಕಲಮ್ಮ ಇಣುಕಿದಳು. "ಇದ್ಯಾವ್ದ್ರೀ ಹೊಸಾದು? ಕೆಂಚ ಎಲ್ಲಿ?"

ಉತ್ತರಿಸುವಷ್ಟರಲ್ಲಿ ಅದಿರು ಲಾರಿಯೊಂದು ರಸ್ತೆಯ ಗುಂಡಿಗೆ ಇಳಿದು, ಕೆಂಪು ಕೆಸರು ಅಂಗಳದ ಗೋಡೆ ಹಾರಿ ಬಂತು. ಗಂಡ, ಹೆಂಡತಿ, ನಾಯಿ, ಮೂವರೂ ಕೆಂಪಾದರು.

"ಇಲ್ಲೇ ಅದಾನಲ್ಲ ಬಿಡ್ರಿ," ಅಂದಳು ಸುಂಕಲಮ್ಮ.